ನಿಧಾನದ ಎಸೆತಕ್ಕೆ ಬೇಸ್‌ಬಾಲ್ ಬ್ಯಾಟರುಗಳನ್ನು ಅಣಿಗೊಳಿಸುವ ಬಗೆ

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಬೇಸ್‌ಬಾಲ್ ಆಡಲು ಬರುವ ಹುಡುಗರಲ್ಲಿ ಹೆಚ್ಚಿನವರು ಕ್ರಿಕೆಟ್ ಆಡಿ ಕೈ ಪಳಗಿಸಿಕೊಂಡವರು. ವೇಗವಾಗಿ ಬರುವ ಚೆಂಡನ್ನು ಕಂಡು ಅವರು ಹೆದರುವುದಿಲ್ಲ, ಬ್ಯಾಟನ್ನು ಚೆಂಡಿಗೆ ತಾಗಿಸುವ ಕಲೆಯೂ ಅವರಿಗೆ ಬೇಗ ಒಲಿಯುತ್ತದೆ. ಆದರೆ ಎರಡು ವೇಗದ ಎಸೆತಗಳ ಬೆನ್ನಿಗೇ ಪಿಚರ್ (ಚೆಂಡು ಎಸೆಯುವವನು) ಒಂದು ನಿಧಾನದ ಎಸೆತ ಹಾಕಿದನೆಂದರೆ, ಅದೇ ಹುಡುಗರು ಮುಂದಕ್ಕೆ ಮುಗ್ಗರಿಸಿ, ಚೆಂಡು ತಮ್ಮ ಮುಂದಿರುವ ಹೋಂ ಪ್ಲೇಟಿಗೆ ಬರುವ ಮೊದಲೇ ಬ್ಯಾಟ್ ಬೀಸಿ ಮುಗಿಸಿರುತ್ತಾರೆ. ಅಂತರ ಕಾಲೇಜು ಪಂದ್ಯಗಳಲ್ಲಿ ನಮ್ಮ ತಂಡಗಳ ಬ್ಯಾಟಿಂಗ್ ಕುಸಿಯುವುದಕ್ಕೆ ಅತಿ ವೇಗದ ಪಿಚರುಗಳಿಗಿಂತ ಹೀಗೆ ವೇಗವನ್ನು ಏರಿಳಿಸುವ ಸಾಧಾರಣ ಪಿಚರುಗಳೇ ಹೆಚ್ಚಿನ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ. ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಹೊಸದಾಗಿ ತರಬೇತಿಗೆ ಇಳಿದವರು ಈ ದೋಷವನ್ನು ತಿದ್ದುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಕಾಲದ ಲೆಕ್ಕವನ್ನು ತರಬೇತುದಾರರೇ ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಪಿಚರ್ ನಿಲ್ಲುವ ರಬ್ಬರ್ ಪಟ್ಟಿಯಿಂದ ಹೋಂ ಪ್ಲೇಟಿನ ಹಿಂತುದಿಗೆ 18.44 ಮೀಟರ್, ಅಂದರೆ 60 ಅಡಿ 6 ಅಂಗುಲ ದೂರವಿರುತ್ತದೆ. ಎಸೆಯುವಾಗ ಪಿಚರ್ ಒಂದು ದಾಪು ಮುಂದೆ ಬರುವುದರಿಂದ ಚೆಂಡು ಗಾಳಿಯಲ್ಲಿ ಸಾಗುವ ದೂರವನ್ನು ಸುಮಾರು 16.8 ಮೀಟರ್ ಎಂದಿಟ್ಟುಕೊಳ್ಳಬಹುದು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಗಂಟೆಗೆ 110 ಕಿ.ಮೀ. ವೇಗದ ಚೆಂಡು ಈ ದೂರವನ್ನು 0.55 ಸೆಕೆಂಡಿನಲ್ಲಿ ಕ್ರಮಿಸುತ್ತದೆ, 90 ಕಿ.ಮೀ. ವೇಗದ ಚೆಂಡಿಗೆ 0.67 ಸೆಕೆಂಡು ಬೇಕಾಗುತ್ತದೆ. ನಡುವಿನ ವ್ಯತ್ಯಾಸ 0.12 ಸೆಕೆಂಡು ಮಾತ್ರ. ಇದು ಅತಿ ಅಲ್ಪವೆಂದು ತೋರಬಹುದು. ಆದರೆ ಬ್ಯಾಟು ಬೀಸಲು ಶುರುಮಾಡಿದ ಗಳಿಗೆಯಿಂದ ಚೆಂಡಿಗೆ ತಾಗುವ ಗಳಿಗೆಯವರೆಗೆ ಒಬ್ಬ ಒಳ್ಳೆಯ ಬ್ಯಾಟರಿಗೆ ಬೇಕಾಗುವ ಕಾಲವೇ ಸುಮಾರು 0.15 ಸೆಕೆಂಡು. ವೇಗದ ಎಸೆತದ ಲೆಕ್ಕದಲ್ಲಿ ಬೀಸಿದವನ ಬ್ಯಾಟು ಪ್ಲೇಟಿನ ಮೇಲೆ ಹಾದುಹೋಗುವ ಹೊತ್ತಿಗೆ ನಿಧಾನದ ಚೆಂಡು ಇನ್ನೂ 3 ಮೀಟರ್ ದೂರದಲ್ಲಿರುತ್ತದೆ. ಈ 3 ಮೀಟರನ್ನು ಮೈದಾನದ ಮೇಲೆ ಅಳೆದು, ಸುಣ್ಣದ ಗೆರೆ ಎಳೆದು ಹುಡುಗರಿಗೆ ತೋರಿಸುವುದು ಒಳ್ಳೆಯದು. ಎಷ್ಟು ಮೊದಲೇ ಬೀಸುತ್ತಿದ್ದೇವೆಂಬುದು ಮಾತಿಗಿಂತ ಆ ಗೆರೆಯಿಂದ ಬೇಗ ಮನವರಿಕೆಯಾಗುತ್ತದೆ.

ಚೇಂಜ್‌ಅಪ್ ಎಂಬ ಎಸೆತದ ಶಕ್ತಿಯಿರುವುದು ಇಲ್ಲಿಯೇ. ಪಿಚರ್ ತೋಳನ್ನು ವೇಗದ ಎಸೆತಕ್ಕೆ ಬೀಸಿದಷ್ಟೇ ರಭಸದಿಂದ ಬೀಸುತ್ತಾನೆ. ಆದರೆ ಚೆಂಡನ್ನು ಅಂಗೈಯ ಆಳಕ್ಕೆ ಒತ್ತಿ ಹಿಡಿದಿರುವುದರಿಂದಲೋ, ಹೆಬ್ಬೆರಳು ಮತ್ತು ತೋರುಬೆರಳನ್ನು ಬಳೆಯಂತೆ ಸೇರಿಸಿ ಉಳಿದ ಬೆರಳುಗಳಲ್ಲಿ ಹಿಡಿದಿರುವುದರಿಂದಲೋ ತೋಳಿನ ರಭಸವೆಲ್ಲ ಚೆಂಡಿಗೆ ವರ್ಗವಾಗುವುದಿಲ್ಲ. ಅಮೆರಿಕದ ಮೇಜರ್ ಲೀಗಿನಲ್ಲಿ ಪಿಚರ್ ಟ್ರೆವರ್ ಹಾಫ್‌ಮನ್ 601 ಸೇವ್‌ಗಳನ್ನು (ಪಂದ್ಯದ ಕೊನೆಯಲ್ಲಿ ತಂಡದ ಮುನ್ನಡೆ ಕಾಪಾಡಿದ ಲೆಕ್ಕ) ಗಳಿಸಿದ್ದು ಮುಖ್ಯವಾಗಿ ಇಂಥ ಚೇಂಜ್‌ಅಪ್‌ನ ಬಲದಿಂದ. ಕರ್ವ್‌ಬಾಲ್ ಕೂಡ ನಿಧಾನದ ಎಸೆತವೇ, ಆದರೆ ಅದು ತಿರುಗುತ್ತಾ ಬಾಗುತ್ತದೆ. ಬ್ಯಾಟರನ್ನು ಕಾಲದ ವಿಷಯದಲ್ಲಿ ತಿದ್ದುವಾಗ ಎರಡಕ್ಕೂ ಒಂದೇ ತಳಪಾಯ ಸಾಕು.

ಆ ತಳಪಾಯ ಹೀಗಿದೆ. ಪ್ರತಿ ಎಸೆತವೂ ವೇಗದ ಎಸೆತವೇ ಎಂದು ಬ್ಯಾಟರ್ ಸಿದ್ಧನಾಗಬೇಕು. ಮುಂಗಾಲನ್ನು ವೇಗದ ಎಸೆತದ ಲೆಕ್ಕದಲ್ಲೇ ಮುಂದಿಡಬೇಕು. ಆದರೆ ಆ ಕಾಲಿನ ಬೆರಳುಗಳು ಮಾತ್ರ ಮೊದಲು ನೆಲ ಮುಟ್ಟಬೇಕು. ಹಿಮ್ಮಡಿ ನೆಲಕ್ಕೆ ಇಳಿಯುವುದು, ಸೊಂಟ ತಿರುಗುವುದು, ಕೈಗಳು ಮುಂದೆ ಬರುವುದು, ಇವು ಮೂರೂ ಚೆಂಡಿನ ವೇಗ ಕಣ್ಣಿಗೆ ತಿಳಿದ ಮೇಲೆ ಆಗಬೇಕಾದ ಕೆಲಸಗಳು. ವೇಗದ ಎಸೆತವಾದರೆ ಬೆರಳು ತಾಗಿದ ಕೂಡಲೇ ಹಿಮ್ಮಡಿ ಇಳಿಯುತ್ತದೆ. ನಿಧಾನದ ಎಸೆತವಾದರೆ ಬೆರಳು ನೆಲದ ಮೇಲಿದ್ದು ಹಿಮ್ಮಡಿ ಇನ್ನಷ್ಟು ಹೊತ್ತು ಗಾಳಿಯಲ್ಲಿ ಉಳಿಯುತ್ತದೆ, ದೇಹದ ಭಾರ ಹಿಂಗಾಲಿನ ಒಳಬದಿಯಲ್ಲಿ ನಿಂತಿರುತ್ತದೆ, ಕೈಗಳು ಹಿಂಭುಜದ ಬಳಿಯೇ ಇರುತ್ತವೆ. ಮೇಲೆ ಹೇಳಿದ 0.12 ಸೆಕೆಂಡನ್ನು ಬ್ಯಾಟರ್ ಕಳೆಯಬೇಕಾದದ್ದು ಈ ಭಂಗಿಯಲ್ಲಿ. ಆಮೇಲೆ ಬೀಸುವ ಬೀಸು ಪೂರ್ಣ ರಭಸದ್ದೇ ಆಗಿರಬೇಕು. ಎಸೆತ ನಿಧಾನವಾಯಿತೆಂದು ಬ್ಯಾಟನ್ನು ನಿಧಾನವಾಗಿ ತಂದರೆ ಚೆಂಡು ಸಿಕ್ಕರೂ ಒಳಮೈದಾನ ದಾಟುವುದಿಲ್ಲ.

ಇದಕ್ಕೆ ವಿರುದ್ಧವಾದ ಸಲಹೆಯೇ ನಮ್ಮ ಮೈದಾನಗಳಲ್ಲಿ ಹೆಚ್ಚಾಗಿ ಕೇಳಿಬರುತ್ತದೆ. ಹುಡುಗ ಒಮ್ಮೆ ಮೊದಲೇ ಬೀಸಿದನೆಂದರೆ ಬೇಲಿಯ ಆಚೆಯಿಂದ ‘ಕಾಯೋ, ಕಾಯೋ’ ಎಂಬ ಕೂಗು ಶುರುವಾಗುತ್ತದೆ. ಅದನ್ನು ಕೇಳಿದ ಬ್ಯಾಟರ್ ಕಾಲನ್ನೇ ತಡವಾಗಿ ಎತ್ತುತ್ತಾನೆ. ಮುಂದಿನದು ವೇಗದ ಎಸೆತವಾಗಿದ್ದರೆ ಆತನ ಕಾಲು ಗಾಳಿಯಲ್ಲಿರುವಾಗಲೇ ಚೆಂಡು ಪ್ಲೇಟಿನ ಹಿಂದೆ ಕೂರುವ ಕ್ಯಾಚರನ ಕೈಸೇರಿರುತ್ತದೆ. ಒಂದು ದೋಷ ಕಳೆಯಲು ಹೋಗಿ ಎರಡನೆಯದನ್ನು ಅಂಟಿಸಿದಂತಾಗುತ್ತದೆ. ಹಾಗಾಗಿ ಕೂಗಲೇಬೇಕೆಂದಿದ್ದರೆ ‘ಕಾಲು ಹೋಗ್ಲಿ, ಕೈ ಹಿಂದೇನೇ ಇರ್ಲಿ ಕಣೋ’ ಎನ್ನಿ. ಯಾವುದು ಮುಂದೆ ಹೋಗಬೇಕು, ಯಾವುದು ಉಳಿಯಬೇಕು ಎಂಬುದು ಹುಡುಗನಿಗೆ ಅದರಿಂದ ತಿಳಿಯುತ್ತದೆ.

ದೋಷ ಎಲ್ಲಿದೆ ಎಂದು ಗುರುತಿಸಲು ಚೆಂಡು ಹೋದ ದಿಕ್ಕೇ ಸಾಕಷ್ಟು ಹೇಳುತ್ತದೆ. ಬಲಗೈ ಬ್ಯಾಟರ್ ಹೊಡೆದ ಚೆಂಡುಗಳು ಸತತವಾಗಿ ಮೂರನೇ ಬೇಸಿನ ಎಡಬದಿಗೆ ಗೆರೆಯಾಚೆ ಹೋಗಿ ಫೌಲ್ ಆಗುತ್ತಿದ್ದರೆ, ಅಥವಾ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸುಗಳ ನಡುವೆ ನಿಲ್ಲುವ ಆಟಗಾರ) ಕಡೆಗೆ ನೆಲದ ಮೇಲೆ ಸಪ್ಪೆಯಾಗಿ ಉರುಳುತ್ತಿದ್ದರೆ, ಆತ ಮೊದಲೇ ಬೀಸುತ್ತಿದ್ದಾನೆ. ಚೆಂಡು ಬ್ಯಾಟಿನ ತುದಿಗೆ ತಾಗಿ ಕೈ ಜುಮ್ಮೆನ್ನುತ್ತದೆಂದು ಹುಡುಗರು ದೂರಿದರೂ ಬಹಳ ಸಲ ಕಾರಣ ಇದೇ. ಇನ್ನು ದೇಹವನ್ನು ನೋಡುವುದಾದರೆ ತಲೆ ಮುಂಗಾಲಿನ ಮಂಡಿಯನ್ನು ದಾಟಿ ಮುಂದೆ ಹೋಗಿರುತ್ತದೆ, ಆ ಮಂಡಿ ಮಡಿಸಿಕೊಂಡಿರುತ್ತದೆ, ಕೊನೆಗೆ ಕೈಗಳಷ್ಟೇ ಚೆಂಡನ್ನು ಹುಡುಕಿಕೊಂಡು ಮುಂದೆ ಚಾಚಿರುತ್ತವೆ.

ಕ್ರಿಕೆಟ್‌ನಿಂದ ಬಂದವರಲ್ಲಿ ಈ ಭಂಗಿ ಅಷ್ಟು ಸಹಜವಾಗಿ ಕಾಣಿಸುವುದಕ್ಕೆ ಕಾರಣವಿದೆ. ಮುಂಗಾಲಿಗೆ ಬಂದು ಡ್ರೈವ್ ಮಾಡುವಾಗ ಮಂಡಿಯನ್ನು ಬಾಗಿಸಿ, ತಲೆಯನ್ನು ಅದರ ಮೇಲೆ ತಂದು, ಭಾರವನ್ನೆಲ್ಲ ಮುಂದಕ್ಕೆ ಹಾಕಬೇಕೆಂದು ಅವರು ಚಿಕ್ಕಂದಿನಿಂದ ಕಲಿತಿರುತ್ತಾರೆ. ಅಲ್ಲಿ ಅದು ಸರಿಯಾದ ಆಟ. ಬೇಸ್‌ಬಾಲ್‌ನಲ್ಲಿ ಮುಂಗಾಲು ಬಾಗಬಾರದು, ಚೆಂಡು ತಾಗುವ ಗಳಿಗೆಗೆ ಅದು ಗಟ್ಟಿಯಾಗಿ ನೆಟ್ಟಗಾಗಬೇಕು, ಏಕೆಂದರೆ ಸೊಂಟ ತಿರುಗುವುದು ಅದರ ಆಧಾರದ ಮೇಲೆ. ಎರಡನೆಯದಾಗಿ, ಕ್ರಿಕೆಟಿಗನ ಕಣ್ಣು ಚೆಂಡು ನೆಲಕ್ಕೆ ಬಿದ್ದು ಏಳುವ ಜಾಗದಿಂದ ಬಹಳಷ್ಟು ಮಾಹಿತಿ ಪಡೆಯುತ್ತದೆ. ಇಲ್ಲಿ ಚೆಂಡು ನೆಲ ಮುಟ್ಟುವುದೇ ಇಲ್ಲವಾದ್ದರಿಂದ ಆ ಮಾಹಿತಿಯನ್ನೆಲ್ಲ ಪಿಚರನ ಕೈಯಿಂದಲೇ, ಅದೂ ಮೊದಲ ಕೆಲವು ಮೀಟರುಗಳಲ್ಲೇ ಪಡೆಯಬೇಕು. ಇವೆರಡನ್ನೂ ಹುಡುಗರಿಗೆ ಬಿಡಿಸಿ ಹೇಳಿದರೆ, ತಾವು ಕಲಿತದ್ದು ತಪ್ಪೆಂಬ ಕೀಳರಿಮೆಯಿಲ್ಲದೆ ಅವರು ಹೊಸದನ್ನು ಒಪ್ಪಿಕೊಳ್ಳುತ್ತಾರೆ.

ಅಭ್ಯಾಸವನ್ನು ಟೀ (ಚೆಂಡನ್ನು ಇಟ್ಟು ಹೊಡೆಯುವ ಕೋಲಿನಂಥ ಆಸರೆ) ಮೇಲಿಟ್ಟ ಚೆಂಡಿನಿಂದ ಆರಂಭಿಸಿ. ಮುಂಗಾಲು ಊರಬೇಕಾದ ಜಾಗದಲ್ಲಿ ಸುಣ್ಣದಿಂದ ಗೆರೆ ಹಾಕಿ, ಹಿಮ್ಮಡಿ ಇಳಿಯುವ ಜಾಗದಲ್ಲಿ ಚಹಾ ಅಂಗಡಿಯ ಒಂದು ಖಾಲಿ ಪೇಪರ್ ಲೋಟವನ್ನು ಮಲಗಿಸಿ ಇಡಿ. ಬ್ಯಾಟರ್ ಕಾಲನ್ನು ಮುಂದಿಟ್ಟು, ಬೆರಳುಗಳನ್ನು ಗೆರೆಯ ಮೇಲೆ ಊರಿ, ಲೋಟಕ್ಕೆ ಹಿಮ್ಮಡಿ ತಾಗದಂತೆ ನಿಲ್ಲಬೇಕು. ನೀವು ಪಕ್ಕದಲ್ಲಿ ನಿಂತು ಕೆಲವೊಮ್ಮೆ ತಕ್ಷಣ, ಕೆಲವೊಮ್ಮೆ ಒಂದು ಕ್ಷಣ ತಡೆದು ‘ಹೂಂ’ ಎನ್ನಬೇಕು. ಆಗ ಲೋಟ ಅಪ್ಪಚ್ಚಿಯಾಗುವಂತೆ ಹಿಮ್ಮಡಿ ಇಳಿಸಿ ಆತ ಪೂರ್ಣ ರಭಸದಿಂದ ಬೀಸಬೇಕು. ನೀವು ‘ಹೂಂ’ ಎನ್ನುವ ಮೊದಲೇ ಲೋಟ ಚಪ್ಪಟೆಯಾದ ಸದ್ದು ಕೇಳಿದರೆ ಭಾರ ಮುಂದಕ್ಕೆ ಜಾರಿದೆ ಎಂದರ್ಥ, ಬೇರೆ ಯಾರೂ ಹೇಳಬೇಕಾಗಿಲ್ಲ. ಈ ಅಭ್ಯಾಸವನ್ನು ಟೀ ಮತ್ತು ಹತ್ತಿರದಿಂದ ಮೆಲ್ಲಗೆ ಎಸೆದುಕೊಡುವ ಟಾಸ್‌ಗಷ್ಟೇ ಮಿತಿಗೊಳಿಸಿ. ವೇಗವಾಗಿ ಎಸೆಯುವಾಗ ಕಾಲಡಿಯಲ್ಲಿ ಏನನ್ನೂ ಇಡಬಾರದು.

ಮುಂದಿನ ಹಂತದಲ್ಲಿ ಟೆನಿಸ್ ಚೆಂಡನ್ನು ಬಳಸಿ. ಸುಮಾರು 5 ಮೀಟರ್ ದೂರದಿಂದ ಚೆಂಡನ್ನು ನೆಲಕ್ಕೆ ಕುಟ್ಟಿ, ಅದು ಪುಟಿದು ಬ್ಯಾಟರನ ಎದೆಮಟ್ಟಕ್ಕೆ ಏರಿ ಇಳಿಯುತ್ತಿರುವಾಗ ಹೊಡೆಸಬೇಕು. ಚೆಂಡು ನಿಮ್ಮ ಕೈ ಬಿಟ್ಟಾಗ ಬ್ಯಾಟರನ ಕಾಲು ಹೊರಡಬೇಕು, ಚೆಂಡು ಮೇಲೆದ್ದು ಇಳಿಯುವವರೆಗೂ ಕೈ ಹಿಂದಿರಬೇಕು. ಚಿನ್ನಿದಾಂಡು ಆಡಿದವರಿಗೆ ಇದನ್ನು ವಿವರಿಸುವುದೇ ಬೇಕಿಲ್ಲ. ಚಿನ್ನಿಯನ್ನು ಚಿಮ್ಮಿಸಿ, ಅದು ಮೇಲೇರಿ ಕೈಗೆ ಸಿಗುವ ಎತ್ತರಕ್ಕೆ ಇಳಿಯುವ ತನಕ ದಾಂಡನ್ನು ಹಿಂದೆ ಹಿಡಿದು, ಆಮೇಲೆ ಒಂದೇ ಏಟಿಗೆ ಬಾರಿಸುವ ಅದೇ ಸಂಯಮ ಇಲ್ಲಿಯೂ ಬೇಕು. ಪುಟಿಯುವ ಚೆಂಡಿನ ಅಭ್ಯಾಸವನ್ನು ವಾರಗಟ್ಟಲೆ ಮುಂದುವರಿಸಬೇಡಿ, ಏಕೆಂದರೆ ನೆಲವನ್ನು ನೋಡಿ ಅಂದಾಜು ಮಾಡುವ ಹಳೆಯ ರೂಢಿ ಅದರಿಂದ ಮತ್ತೆ ಬಲಗೊಳ್ಳಬಹುದು.

ನಿಜವಾದ ಕಲಿಕೆ ನಡೆಯುವುದು ವೇಗ ಮತ್ತು ನಿಧಾನ ಬೆರೆತ ಎಸೆತಗಳಲ್ಲಿ. ತರಬೇತುದಾರನ ತೋಳು ದಿನವೂ ಪೂರ್ಣ ದೂರದಿಂದ ಎಸೆಯುವುದನ್ನು ತಾಳುವುದಿಲ್ಲ, ತಾಳಬೇಕಾಗಿಯೂ ಇಲ್ಲ. 12 ಮೀಟರ್ ದೂರದಿಂದ ಗಂಟೆಗೆ 72 ಕಿ.ಮೀ. ವೇಗದಲ್ಲಿ ಎಸೆದ ಚೆಂಡು 0.6 ಸೆಕೆಂಡಿನಲ್ಲಿ ಪ್ಲೇಟನ್ನು ತಲುಪುತ್ತದೆ. ಇದು ಪೂರ್ಣ ದೂರದಿಂದ ಬರುವ 100 ಕಿ.ಮೀ. ವೇಗದ ಎಸೆತಕ್ಕೆ ಸಮ. ಅದೇ 12 ಮೀಟರಿನಿಂದ 60 ಕಿ.ಮೀ. ವೇಗದಲ್ಲಿ ಎಸೆದರೆ 0.72 ಸೆಕೆಂಡು ಹಿಡಿಯುತ್ತದೆ. ಪಂದ್ಯದಲ್ಲಿ ಎದುರಾಗುವ 0.12 ಸೆಕೆಂಡಿನ ವ್ಯತ್ಯಾಸ ಹೀಗೆ ಭುಜಕ್ಕೆ ನೋವಿಲ್ಲದೆ ದೊರೆಯುತ್ತದೆ. ಎಸೆಯುವವರ ಮುಂದೆ ತಡೆಬಲೆ ಇರಲೇಬೇಕು. ಕ್ರಿಕೆಟ್ ನೆಟ್ಸಿನ ಹಳೆಯ ಬಲೆಯನ್ನು ಕಬ್ಬಿಣದ ಪೈಪಿನ ಚೌಕಟ್ಟಿಗೆ ಬಿಗಿದು, ಎಸೆಯುವ ತೋಳಿನ ಕಡೆ ಮೇಲ್ಭಾಗವನ್ನು ತೆರವಾಗಿ ಬಿಟ್ಟರೆ ಸಾಕು. ಬ್ಯಾಟರಿಗೆ ಹೆಲ್ಮೆಟ್ ಇಲ್ಲದೆ ಈ ಅಭ್ಯಾಸ ಬೇಡ.

ಎಸೆಯುವವರು ಮುಖ್ಯವಾಗಿ ಗಮನಿಸಬೇಕಾದದ್ದು ತಮ್ಮ ತೋಳನ್ನು. ನಿಧಾನದ ಎಸೆತಕ್ಕೆ ತೋಳನ್ನೂ ನಿಧಾನ ಮಾಡಿದರೆ ಬ್ಯಾಟರ್ ನಿಮ್ಮ ತೋಳನ್ನು ಓದಲು ಕಲಿಯುತ್ತಾನೆ, ಚೆಂಡನ್ನಲ್ಲ. ಚೆಂಡನ್ನು ಅಂಗೈಗೆ ಒತ್ತಿ ಹಿಡಿದು, ತೋಳಿನ ಚಲನೆ ಬದಲಾಗದಂತೆ ಎಸೆಯುವುದನ್ನು ಮೊದಲು ನೀವೇ ಅಭ್ಯಾಸ ಮಾಡಿ. ಆರಂಭದಲ್ಲಿ ಯಾವ ಎಸೆತ ಬರುತ್ತದೆಂದು ಮುಂಚಿತವಾಗಿ ಹೇಳಿಯೇ ಎಸೆಯಿರಿ. ಆಮೇಲೆ ಒಂದು ವೇಗ, ಒಂದು ನಿಧಾನ ಎಂದು ಸರದಿಯಲ್ಲಿ ಎಸೆಯಿರಿ. ಕೊನೆಗೆ ಏನೂ ಹೇಳದೆ, ಎರಡು ಮೂರು ವೇಗದ ಎಸೆತಗಳಿಗೆ ಒಂದರಂತೆ, ಆದರೆ ಸರದಿ ಊಹಿಸಲಾಗದಂತೆ ನಿಧಾನದ ಎಸೆತವನ್ನು ಬೆರೆಸಿ. ಒಂದು ಬಕೆಟ್ ಚೆಂಡನ್ನು ಪೂರ್ತಿ ನಿಧಾನವಾಗಿಯೇ ಎಸೆಯುವುದರಿಂದ ಉಪಯೋಗವಿಲ್ಲ, ಹತ್ತು ಎಸೆತದೊಳಗೆ ಬ್ಯಾಟರ್ ಆ ವೇಗಕ್ಕೆ ಹೊಂದಿಕೊಂಡುಬಿಡುತ್ತಾನೆ. ಒಂದೇ ವೇಗಕ್ಕೆ ನಿಲ್ಲಿಸಿದ ಬೌಲಿಂಗ್ ಯಂತ್ರದ ಕೊರತೆಯೂ ಇದೇ.

ಈ ಹಂತದಲ್ಲಿ ಹೊಡೆತ ಎಷ್ಟು ದೂರ ಹೋಯಿತೆಂದು ಅಳೆಯಬೇಡಿ. ಮುಂಗಾಲಿನ ಬೆರಳು ನೆಲ ಮುಟ್ಟಿದಾಗ ಕೈ ಎಲ್ಲಿತ್ತು, ತಲೆ ಎಲ್ಲಿತ್ತು ಎಂಬುದನ್ನಷ್ಟೇ ನೋಡಿ. ಬರಿಗಣ್ಣಿಗೆ ಇದು ಸಿಗುವುದು ಕಷ್ಟ, ಆದ್ದರಿಂದ ಫೋನಿನ ಸ್ಲೋ ಮೋಷನ್ ಬಳಸಿ. ಬ್ಯಾಟರನ ಎದೆಗೆ ಎದುರಾಗಿ, ಬಲಗೈ ಬ್ಯಾಟರಾದರೆ ಮೊದಲನೇ ಬೇಸಿನ ಕಡೆಯಿಂದ, ಬಲೆಯ ಹಿಂದೆ ನಿಂತು ಚಿತ್ರೀಕರಿಸಬೇಕು. ಸೆಕೆಂಡಿಗೆ 240 ಚಿತ್ರಗಳನ್ನು ತೆಗೆಯುವ ಫೋನಿನಲ್ಲಿ 0.12 ಸೆಕೆಂಡು ಎಂದರೆ ಸುಮಾರು 29 ಚಿತ್ರಗಳು. ಬೆರಳು ತಾಗಿದ ಚಿತ್ರದಿಂದ ಹಿಮ್ಮಡಿ ಇಳಿದ ಚಿತ್ರದವರೆಗೆ ಎಣಿಸಿ. ವೇಗದ ಎಸೆತಕ್ಕೂ ನಿಧಾನದ ಎಸೆತಕ್ಕೂ ಆ ಎಣಿಕೆ ಒಂದೇ ಆಗಿದ್ದರೆ ಬ್ಯಾಟರ್ ಹೊಂದಿಕೊಳ್ಳುತ್ತಿಲ್ಲ ಎಂದು ತಿಳಿಯಿರಿ. ನಿಧಾನದ ಎಸೆತದಲ್ಲಿ ಎಣಿಕೆ ಹೆಚ್ಚಾಗಿದ್ದು, ಅಷ್ಟೂ ಚಿತ್ರಗಳಲ್ಲಿ ಕೈಗಳು ಹಿಂಭುಜದ ಬಳಿಯೇ ಇದ್ದರೆ, ಆ ಸಲ ಬ್ಯಾಟು ಚೆಂಡಿಗೆ ತಾಗದಿದ್ದರೂ ಹುಡುಗನನ್ನು ಮೆಚ್ಚಿ ಮಾತನಾಡಿ. ಅದನ್ನು ಅವನಿಗೂ ಫೋನಿನಲ್ಲಿ ತೋರಿಸಿ.

ಕಾಲನ್ನು ಬಹಳ ಎತ್ತರಕ್ಕೆ ಎತ್ತುವ ಹುಡುಗರಿಗೆ ಈ ಹೊಂದಾಣಿಕೆ ಇನ್ನೂ ಕಷ್ಟ. ಜಪಾನಿನ ಶೋಹೆ ಒಹ್ತಾನಿ 2018ರಲ್ಲಿ ಮೇಜರ್ ಲೀಗಿಗೆ ಬಂದಾಗ, ಋತುವಿನ ಮುಂಚಿನ ಅಭ್ಯಾಸ ಪಂದ್ಯಗಳಲ್ಲಿ ತಡವರಿಸಿ, ಕಾಲೆತ್ತುವುದನ್ನೇ ಬಿಟ್ಟು ಬೆರಳನ್ನು ನೆಲಕ್ಕೆ ತಾಗಿಸಿ ಬೀಸುವ ಕ್ರಮಕ್ಕೆ ಬಂದರು. ಆ ವರ್ಷ 22 ಹೋಂ ರನ್ ಹೊಡೆದು ತಮ್ಮ ಲೀಗಿನ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿ ಪಡೆದರು. ನಮ್ಮ ಹುಡುಗರಿಗೂ ಚಿಕ್ಕ ಹೆಜ್ಜೆಯೇ ಹಿತ. ಇಚಿರೋ ಸುಜುಕಿಯ ವಿಡಿಯೋ ನೋಡಿ ಓಡುತ್ತಾ ಹೊಡೆಯಲು ಯತ್ನಿಸುವವರೂ ಇದ್ದಾರೆ. 2004ರಲ್ಲಿ ಒಂದೇ ಋತುವಿನಲ್ಲಿ 262 ಹಿಟ್‌ಗಳ ದಾಖಲೆ ಮಾಡಿದ ಆ ಮಹಾನ್ ಆಟಗಾರನ ದೇಹ ಮುಂದೆ ಸರಿದರೂ ಕೈಗಳು ಕೊನೆಯ ಗಳಿಗೆಯವರೆಗೆ ಹಿಂದೆಯೇ ಉಳಿಯುತ್ತಿದ್ದವು. ಕಲಿಯುವವರು ಅವರಿಂದ ಪಡೆಯಬೇಕಾದದ್ದು ಆ ಕೈಗಳನ್ನು ಮಾತ್ರ.

ಕಣ್ಣಿನ ಅಭ್ಯಾಸವನ್ನು ಬ್ಯಾಟಿಲ್ಲದೆಯೇ ಮಾಡಿಸಬಹುದು. ನಿಮ್ಮ ಪಿಚರುಗಳು ಅಭ್ಯಾಸಕ್ಕೆ ಎಸೆಯುವಾಗ ಬ್ಯಾಟರುಗಳು ಹೆಲ್ಮೆಟ್ ಹಾಕಿಕೊಂಡು ಪ್ಲೇಟಿನ ಪಕ್ಕ ನಿಂತು, ಬೀಸದೆ, ಚೆಂಡಿನ ವೇಗ ತಿಳಿದ ಕೂಡಲೇ ‘ಸ್ಪೀಡ್’ ಅಥವಾ ‘ಸ್ಲೋ’ ಎಂದು ಗಟ್ಟಿಯಾಗಿ ಹೇಳಬೇಕು. ಮೊದಮೊದಲು ಚೆಂಡು ಕ್ಯಾಚರನ ಕೈಗೆ ಬಿದ್ದ ಮೇಲೆ ಧ್ವನಿ ಹೊರಡುತ್ತದೆ; ದಿನ ಕಳೆದಂತೆ ಅದು ಇನ್ನಷ್ಟು ಬೇಗ ಹೊರಡುತ್ತದೆ. ನಿಧಾನದ ಚೆಂಡು ಗಾಳಿಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಹೆಚ್ಚು ಕೆಳಗಿಳಿಯುತ್ತದೆ, ಆದ್ದರಿಂದ ಪಿಚರ್ ಅದನ್ನು ಸ್ವಲ್ಪ ಮೇಲ್ಮುಖವಾಗಿ ಬಿಡಲೇಬೇಕು. ಕರ್ವ್‌ಬಾಲ್‌ನಲ್ಲಿ ಇದು ಎದ್ದು ಕಾಣುತ್ತದೆ. ಕೈ ಬಿಟ್ಟ ಕೂಡಲೇ ಚೆಂಡು ಮೇಲಕ್ಕೆ ಉಬ್ಬಿದಂತೆ ಕಂಡರೆ ಅದು ನಿಧಾನದ್ದು. ಕಾಲೇಜು ಮಟ್ಟದ ಪಿಚರುಗಳು ಇನ್ನೂ ಕೆಲವು ಸುಳಿವು ಕೊಡುತ್ತಾರೆ: ಗ್ಲೌಸಿನೊಳಗೆ ಹಿಡಿತ ಹುಡುಕಲು ಹೆಚ್ಚು ಹೊತ್ತು ತಡಕಾಡುತ್ತಾರೆ, ಹೆಜ್ಜೆ ಚಿಕ್ಕದಾಗುತ್ತದೆ. ಪಂದ್ಯದ ದಿನ ತನ್ನ ಸರದಿಗೆ ಕಾಯುವ ಬ್ಯಾಟರ್ ಹರಟುತ್ತಾ ನಿಲ್ಲದೆ, ಪಿಚರನ ಪ್ರತಿ ಎಸೆತಕ್ಕೂ ಹೊರಗಿನಿಂದಲೇ ಕಾಲು ಮುಂದಿಟ್ಟು ಕಾಲ ಹೊಂದಿಸಿಕೊಂಡಿರಬೇಕು. ಮಾನಸಗಂಗೋತ್ರಿಯ ಮೈದಾನವಿರಲಿ, ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣವಿರಲಿ, ಬೆಳಗಿನ ಅಭ್ಯಾಸದಲ್ಲಿ ಬ್ಯಾಟರ್ ಪೂರ್ವಕ್ಕೆ ಮುಖ ಮಾಡದಂತೆ ಪ್ಲೇಟ್ ಹಾಕಿ. ಪಿಚರನ ಕೈಯ ಹಿಂದೆ ಎಳೆಬಿಸಿಲಿದ್ದರೆ ಈ ಸುಳಿವುಗಳೊಂದೂ ಕಾಣುವುದಿಲ್ಲ.

ಚೆಂಡು ಎಲ್ಲಿಗೆ ಹೋಗಬೇಕೆಂಬ ಗುರಿಯೂ ಕಾಲವನ್ನು ತಿದ್ದುತ್ತದೆ. ಬಲಗೈ ಬ್ಯಾಟರಿಗೆ ಪಿಚರನ ತಲೆಗೂ ರೈಟ್ ಫೀಲ್ಡಿಗೂ (ಬಲಬದಿಯ ಹೊರಮೈದಾನ) ನಡುವೆ ಹೊಡೆಯಬೇಕೆಂದು ಹೇಳಿಕೊಡಿ. ಆ ಗುರಿಯಿಟ್ಟುಕೊಂಡವನು ವೇಗದ ಚೆಂಡನ್ನು ಅಲ್ಲಿಗೇ ಹೊಡೆಯುತ್ತಾನೆ, ನಿಧಾನದ ಚೆಂಡಿಗೆ ತುಸು ಮೊದಲೇ ಬೀಸಿದರೂ ಅದು ಲೆಫ್ಟ್ ಫೀಲ್ಡಿಗೆ ನೇರವಾಗಿ ಹೋಗುತ್ತದೆ. ಎಡಕ್ಕೇ ಎಳೆದು ಹೊಡೆಯಬೇಕೆಂದು ನಿಂತವನಿಗೆ ಅಷ್ಟು ಅವಕಾಶವಿಲ್ಲ. ನಿಧಾನದ ಚೆಂಡು ಕಡಿದಾಗಿ ಇಳಿಯುವುದರಿಂದ ಬ್ಯಾಟನ್ನು ಮೇಲಿಂದ ಕೊಡಲಿಯಂತೆ ಇಳಿಸಬಾರದು. ಚೆಂಡು ಬರುವ ದಾರಿಗೆ ಎದುರಾಗಿ, ಕೊನೆಯಲ್ಲಿ ಸ್ವಲ್ಪ ಮೇಲ್ಮುಖವಾಗಿ ಬ್ಯಾಟು ಸಾಗಬೇಕು.

ಎಲ್ಲ ನಿಧಾನದ ಎಸೆತಕ್ಕೂ ಬೀಸಲೇಬೇಕೆಂದಿಲ್ಲ. ಎರಡು ಸ್ಟ್ರೈಕ್ (ಬೀಸಿ ತಪ್ಪಿದ ಅಥವಾ ಬಿಟ್ಟುಕೊಟ್ಟ ಒಳ್ಳೆಯ ಎಸೆತ, ಮೂರಾದರೆ ಔಟ್) ಆಗುವ ಮೊದಲು ಮಂಡಿಯ ಬಳಿಗೆ ಇಳಿಯುತ್ತಿರುವ ನಿಧಾನದ ಎಸೆತವನ್ನು ಬಿಟ್ಟುಬಿಡುವುದೇ ಜಾಣತನ, ಅದರಿಂದ ಒಳ್ಳೆಯ ಹೊಡೆತ ಹುಟ್ಟುವುದು ಅಪರೂಪ. ಸೊಂಟಕ್ಕಿಂತ ಮೇಲೆ ಉಳಿದ ನಿಧಾನದ ಎಸೆತ ಪಿಚರನ ಕೈ ತಪ್ಪಿದ್ದು, ಅದನ್ನು ಬಿಡಬಾರದು. ಎರಡು ಸ್ಟ್ರೈಕ್ ಆದ ಮೇಲೆ ಬ್ಯಾಟಿನ ಹಿಡಿಯನ್ನು ಬುಡದಿಂದ ಒಂದು ಅಂಗುಲ ಮೇಲೆ ಹಿಡಿದು, ಕಾಲುಗಳನ್ನು ಮೊದಲೇ ಅಗಲಿಸಿ ನಿಂತು, ಹೆಜ್ಜೆಯನ್ನೇ ಇಡದೆ ಹಿಮ್ಮಡಿಯನ್ನಷ್ಟೇ ಎತ್ತಿ ಇಳಿಸಿ ಬೀಸಲು ಕಲಿಸಿ.

ಸಾಫ್ಟ್‌ಬಾಲ್ ಆಡುವ ಹುಡುಗಿಯರ ತಂಡಗಳಿಗೂ ಈ ಅಭ್ಯಾಸಗಳೆಲ್ಲ ಒಪ್ಪುತ್ತವೆ, ಲೆಕ್ಕ ಮಾತ್ರ ಬದಲಾಗುತ್ತದೆ. ಅಲ್ಲಿ ಪಿಚಿಂಗ್ ದೂರ 13.11 ಮೀಟರ್, ದಾಪು ಕಳೆದು ಚೆಂಡು ಸಾಗುವ ದೂರವನ್ನು 11.5 ಮೀಟರ್ ಎಂದುಕೊಂಡರೆ, 80 ಕಿ.ಮೀ. ವೇಗದ ಎಸೆತಕ್ಕೆ 0.52 ಸೆಕೆಂಡು, 60 ಕಿ.ಮೀ. ವೇಗದ ಚೇಂಜ್‌ಅಪ್‌ಗೆ 0.69 ಸೆಕೆಂಡು ಬೇಕು. ವ್ಯತ್ಯಾಸ 0.17 ಸೆಕೆಂಡಿಗೆ ಏರುವುದರಿಂದ ಬೆರಳಿನ ಮೇಲೆ ನಿಲ್ಲುವ ಹೊತ್ತು ಬೇಸ್‌ಬಾಲ್‌ಗಿಂತ ಹೆಚ್ಚು ಬೇಕಾಗುತ್ತದೆ. ಪೇಪರ್ ಲೋಟದ ಅಭ್ಯಾಸದಲ್ಲಿ ‘ಹೂಂ’ ಎನ್ನುವ ಮೊದಲಿನ ತಡೆಯನ್ನು ಅವರಿಗೆ ಇನ್ನಷ್ಟು ಉದ್ದ ಮಾಡಿ, ಮಿಶ್ರ ಎಸೆತಗಳನ್ನು 8 ಮೀಟರಿನಿಂದ ಆರಂಭಿಸಿ.